ಹದ ಮೀರಿದ ಪಾಕದ ವಾಸನೆ

ಮೊನ್ನೆ ನನ್ನ ಮೊಮ್ಮಗಳು ಸಿಂಚನ ಬೆಲ್ಲದ ಗಾಣದ ಕಟ್ಟೆಯ ಮೇಲಿಂದ ಕಬ್ಬಿನ ಸಿಪ್ಪೆಯ ರಾಶಿಗೆ ಜಿಗಿದಳು. ಒಂದು ಸಲವಲ್ಲ, ಏಳು ಸಲ. ನಾನು ಎಣಿಸಿದ್ದೇನೆ. ಆರು ವರ್ಷದ ಹುಡುಗಿ ಜಿಗಿದರೆ ಅದರಲ್ಲೇನು ಎಂದು ಯಾರಾದರೂ ಕೇಳಬಹುದು. ಕೇಳಲಿ. ಈ ಕೂಸು ಉಳಿದರೂ ನಡೆದೀತು ಎಂದು ಹೇಳಲಾಗದು ಅಂತ ಬೆಂಗಳೂರಿನ ದೊಡ್ಡ ಡಾಕ್ಟರು ನನ್ನ ಮುಖ ನೋಡದೆ ಹೇಳಿದ್ದರು. ಆ ಕೂಸು ಮೊನ್ನೆ ಏಳು ಸಲ ಜಿಗಿಯಿತು. ನಾನು ಓದಿದ್ದು ಮೂರನೇ ಕ್ಲಾಸು. ಒಂದು ಸಾಲು ಬರೆಯುವಷ್ಟರಲ್ಲಿ ಪಕ್ಕದಲ್ಲಿಟ್ಟ ಚಹಾ ಆರಿಹೋಗುತ್ತದೆ. ಆದರೂ ಬರೆಯುತ್ತೇನೆ. ಇಷ್ಟು ಸಂತೋಷವನ್ನು ಒಳಗೇ ಇಟ್ಟುಕೊಂಡು ಕೂರುವುದು ನನ್ನಿಂದಾಗದ ಮಾತು.

“ಅಜ್ಜಿ, ಬೆಲ್ಲ ಎಲ್ಲಿಂದ ಬರ್ತೈತಿ?” ಎಂದು ಅವಳು ಒಂದು ತಿಂಗಳಿಂದ ಗಂಟುಬಿದ್ದಿದ್ದಳು. ಕೈಹಿಡಿದು ಕರೆದುಕೊಂಡು ಹೋದೆ. ನಾನು ಆ ಗಾಣದ ಕಡೆ ತಲೆ ಹಾಕದೆ ಆರು ವರ್ಷವಾಗಿತ್ತು. ಕಾಲುವೆಯ ದಂಡೆ ಹತ್ತಿ ಇಳಿಯುವಾಗಲೇ ಕುದಿಯುವ ಪಾಕದ ವಾಸನೆ ಮುಖಕ್ಕೆ ಬಡಿಯಿತು. ನನ್ನ ಕಾಲುಗಳು ಅಲ್ಲೇ ನಿಂತವು. ಆ ಒಂದು ಮಳೆಗಾಲ ಇಡಿಯಾಗಿ ಎದುರಿಗೆ ಬಂದು ನಿಂತಂತಾಯಿತು.

ಕಂಪ್ಲಿಯ ಹೊರಗಿನ ಆ ಗಾಣದಲ್ಲಿ ನಾನು ಇಪ್ಪತ್ತು ವರ್ಷ ದುಡಿದವಳು. ಒಲೆಗೆ ಒಣಸಿಪ್ಪೆ ಒಟ್ಟುವುದು, ಇಳಿಸಿದ ಬೆಲ್ಲವನ್ನು ಅಚ್ಚಿಗೆ ತುಂಬುವುದು ನನ್ನ ಕೆಲಸ. ಪಾಕದ ಹದ ನೋಡುತ್ತಿದ್ದವರು ಖಾಸೀಮಣ್ಣ. ಒಂದು ಹನಿಯನ್ನು ನೀರಿಗೆ ಬಿಟ್ಟು ಉಂಡೆಯಾಗುತ್ತದೋ ಇಲ್ಲವೋ ನೋಡುವುದು ಎಲ್ಲ ಗಾಣದಲ್ಲೂ ಇದ್ದದ್ದೇ. ಖಾಸೀಮಣ್ಣ ಅದನ್ನೂ ನೋಡುತ್ತಿರಲಿಲ್ಲ. ಹೊಗೆಯ ಪಕ್ಕ ನಿಂತು ಮೂಗಿನಲ್ಲೇ ಹೇಳುತ್ತಿದ್ದರು. “ಇಳಸ್ರಲೇ ಜಲ್ದಿ, ಹದ ಮೀರ್ತೈತಿ!” ಎಂದು ಅವರು ಕೂಗಿದರೆ ನಾಲ್ಕು ಜನ ಓಡಿಬಂದು ಕೊಪ್ಪರಿಗೆ ಇಳಿಸಬೇಕು. ಒಂದು ಚಣ ತಡವಾದರೂ ಸಿಹಿಯ ಕೆಳಗೆ ಸುಟ್ಟ ವಾಸನೆ ಏಳುತ್ತದೆ. ತಿನ್ನುವವರಿಗೆ ಅದು ತಿಳಿಯುವುದಿಲ್ಲ. ನಮಗೆ ತಿಳಿಯುತ್ತದೆ. ಆ ವಾಸನೆಯನ್ನು ಬೇರೆ ಮಾಡಿ ಗುರುತಿಸುವುದನ್ನು ನನಗೆ ಕಲಿಸಿದವರು ಅವರೇ.

ಆ ಮಳೆಗಾಲಕ್ಕೆ ಮುಂಚಿನದೊಂದು ಮಾತು ಹೇಳಬೇಕು. ಹೇಳದೆ ಮುಂದೆ ಹೋದರೆ ಸುಳ್ಳಾಗುತ್ತದೆ.

ನನ್ನ ಒಬ್ಬಳೇ ಮಗಳು ಹುಲಿಗೆಮ್ಮನನ್ನು ನನ್ನ ಸ್ವಂತ ತಮ್ಮ ಪಂಪಣ್ಣನಿಗೇ ಕೊಟ್ಟಿದ್ದೆ. ನಮ್ಮಲ್ಲಿ ಹುಡುಗಿಯನ್ನು ಸೋದರಮಾವನಿಗೆ ಕೊಡುವುದು ವಾಡಿಕೆ. ಮಗಳಿಗೆ ಅಷ್ಟು ಮನಸ್ಸಿರಲಿಲ್ಲ. “ಸಣ್ಣಾಕಿ ಇದ್ದಾಗ ನನ್ನ ಮೂಗು ಒರಸಿದಾತನ್ನ ಹೆಂಗ ಮದಿವಿ ಆಗ್ಲಿ ಯವ್ವಾ?” ಎಂದು ನಕ್ಕಿದ್ದಳು. ಆ ನಗುವನ್ನು ನಾನು ಒಪ್ಪಿಗೆ ಎಂದುಕೊಂಡೆ. ನನ್ನ ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ನಮ್ಮವ್ವ ನನ್ನ ಜೊತೆಯಲ್ಲೇ ಇದ್ದಳು. ಹೀಗೆ ನಮ್ಮವ್ವ ನನ್ನ ಮಗಳಿಗೆ ಅಜ್ಜಿಯೂ ಹೌದು, ಅತ್ತೆಯೂ ಹೌದು. ಮನೆಯ ಕುಡಿ ಮನೆಯಲ್ಲೇ ಉಳಿಯಿತು ಎಂದು ನಾವಿಬ್ಬರೂ ಹಿಗ್ಗಿದೆವು.

ಮೊದಲ ಹೆರಿಗೆ ಗಾಣದ ಸುಗ್ಗಿಯಲ್ಲಾಯಿತು. ಗಂಡು ಕೂಸು. ಹಗಲೆಲ್ಲ ಗಾಣದಲ್ಲಿದ್ದು ಸಂಜೆ ಬಂದು ಅದನ್ನು ಎತ್ತಿಕೊಳ್ಳುತ್ತಿದ್ದೆ. ಮೂರನೇ ದಿನಕ್ಕೆ ಕೂಸಿನ ಬಟ್ಟೆ, ತಲೆ, ಕಿವಿ ಎಲ್ಲ ಬೆಲ್ಲದ ವಾಸನೆ. ಪಕ್ಕದ ಮನೆಯ ಈರಮ್ಮ, “ಏನಬೇ ದುರುಗಮ್ಮ, ಮೊಮ್ಮಗನ್ನ ಪಾಕದಾಗ ಅದ್ದಿ ತೆಗದೀಯೇನು?” ಎಂದು ನಗಾಡಿದಳು. “ಅಜ್ಜಿ ವಾಸನಿ ಹತ್ತೈತಿ, ನಿನಗ್ಯಾಕ ಹೊಟ್ಟಿಕಿಚ್ಚು?” ಎಂದೆ ನಾನು. ಅಂದು ನನಗಾದ ಹೆಮ್ಮೆ ಇವತ್ತಿಗೂ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ. ಐದನೇ ದಿನ ಕೂಸು ಮೊಲೆ ಬಿಟ್ಟಿತು. ಮಲಗಿದಲ್ಲೇ ಕಾಲುಗಳನ್ನು ಒಂದೇ ಸಮನೆ ಆಡಿಸುತ್ತಿತ್ತು. “ನೋಡ್ರೆ, ಸೈಕಲ್ ತುಳೀತಾನ!” ಎಂದು ನಾವೆಲ್ಲ ಸುತ್ತ ಕೂತು ನೋಡಿ ನಕ್ಕೆವು. ನಗುತ್ತಿದ್ದ ಹಾಗೇ ಅದರ ಬೆನ್ನು ಬಿಲ್ಲಿನಂತೆ ಬಾಗಿತು, ಅಳು ಬೆಕ್ಕಿನ ಮರಿಯ ಕೂಗಿನಂತಾಯಿತು. ಬಾಲಗ್ರಹ ಎಂದರು. ಬಳೆಯ ಚೂರು ಕಾಯಿಸಿ ಹೊಟ್ಟೆಗೆ ಬರೆ ಹಾಕಿಸಿದೆವು. ಕಾಲು ಹಿಡಿದುಕೊಂಡವಳು ನಾನು. ಒಂಬತ್ತನೇ ದಿನ ಕೂಸು ಹೋಯಿತು. ಹೆಸರಿನ್ನೂ ಇಟ್ಟಿರಲಿಲ್ಲ. ನನ್ನದೇ ಹಳೆಯ ಸೀರೆಯಲ್ಲಿ ಸುತ್ತಿ ಕಾಲುವೆಯ ಆಚೆ ಹೂಳಿದರು.

ಎರಡು ವರ್ಷ ಕಳೆದ ಮೇಲೆ ಆ ಮಳೆಗಾಲ ಬಂತು. ಡ್ಯಾಮು ತುಂಬಿ ನೀರು ಬಿಟ್ಟಿದ್ದರು. ಹೊಳೆ ಏರಿ ಕಂಪ್ಲಿಯ ಸೇತುವೆಯ ಮೇಲೆ ಹರಿಯುತ್ತಿತ್ತು. ಪಂಪಣ್ಣ ಕೆಲಸ ಮಾಡುವ ಅಕ್ಕಿ ಗಿರಣಿ ಇದ್ದದ್ದು ಹೊಳೆಯಾಚೆ ಗಂಗಾವತಿಯಲ್ಲಿ. ಅವನು ಅತ್ತ, ನಾವು ಮೂರು ಹೆಂಗಸರು ಇತ್ತ. ಅಂಥ ದಿನದಲ್ಲಿ ಸಿಂಚನ ಹುಟ್ಟಿದಳು. ತೂಕ ಚೆನ್ನಾಗಿತ್ತು, ಅಳು ಜೋರಾಗಿತ್ತು. ಹುಲಿಗೆಮ್ಮ ಮಾತ್ರ ಮೂರು ದಿನವೂ ಕೂಸಿನ ಕಾಲಿನ ಮೇಲೆ ಕೈಯಿಟ್ಟುಕೊಂಡೇ ಮಲಗಿದಳು. ಯಾಕೆಂದು ನಾವ್ಯಾರೂ ಕೇಳಲಿಲ್ಲ. ಕಾಲು ಆಡಿಸುತ್ತದೇನೋ ಎಂದು ಕಾಯುತ್ತಿದ್ದಳು.

ನಾಲ್ಕನೇ ದಿನ ಬೆಳಿಗ್ಗೆ. ಜಿಟಿಜಿಟಿ ಮಳೆ, ಬಟ್ಟೆ ಒಣಗುತ್ತಿರಲಿಲ್ಲ. ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ ಕೂಸಿನ ಒದ್ದೆಬಟ್ಟೆಗಳನ್ನು ಹರವುತ್ತಿದ್ದೆ. ಬಟ್ಟೆ ಬೆಚ್ಚಗಾಗುತ್ತಿದ್ದಂತೆ ಒಂದು ವಾಸನೆ ಎದ್ದಿತು. ಬೆಲ್ಲ. ಬರೀ ಬೆಲ್ಲವಲ್ಲ, ಕೊಪ್ಪರಿಗೆ ಇಳಿಸಲು ಒಂದು ಚಣ ತಡಮಾಡಿದ ಪಾಕ.

ನನ್ನ ಸೀರೆ ಇರಬೇಕು ಎಂದುಕೊಂಡು ಸೆರಗು ಮೂಸಿದೆ. ಸಬಕಾರದ ವಾಸನೆ. ಆಮೇಲೆ ತಲೆಗೆ ಹೊಳೆಯಿತು. ಗಾಣ ಮುಚ್ಚಿ ತಿಂಗಳುಗಳಾಗಿದ್ದವು. ಒಲೆಯ ಬಾಯಲ್ಲಿ ಮಳೆನೀರು ನಿಂತಿತ್ತು. ಊರ ಸುತ್ತ ಎಲ್ಲೂ ಕೊಪ್ಪರಿಗೆ ಏರಿರಲಿಲ್ಲ. ಒಳಗೆ ಓಡಿಹೋಗಿ ಕೂಸಿನ ಕಿವಿಗೆ ಮೂಗು ಹಚ್ಚಿದೆ. ಅಲ್ಲಿತ್ತು. ಎರಡು ವರ್ಷದ ಹಿಂದೆ ಹೂತುಬಂದ ಕೂಸಿನ ಕಿವಿಯಲ್ಲೂ ಇದೇ ಇತ್ತು. ಅದು ನನ್ನ ವಾಸನೆಯಾಗಿರಲಿಲ್ಲ. ಯಾವತ್ತೂ ಆಗಿರಲಿಲ್ಲ.

“ಹುಲಿಗಿ, ಏಳು. ಹೊಸಪೇಟಿ ದವಾಖಾನಿಗೆ ಹೋಗೂಣು” ಎಂದೆ.

ನಮ್ಮವ್ವ ಬಾಗಿಲಿಗೆ ಅಡ್ಡ ಬಂದಳು. “ನಾಕು ದಿನದ ಬಾಣಂತಿನ್ನ ಮಳ್ಯಾಗ ಎಲ್ಲಿಗೆ ಎಳಕೊಂಡು ಹೊಂಟೀದಿ? ಕೂಸಿಗೆ ಏನಾಗೈತಿ?”

“ಬೆಲ್ಲದ ವಾಸನಿ ಬರ್ತೈತಬೇ.”

“ಬೆಲ್ಲದ ವಾಸನಿ ಬಂದ್ರ ರೋಗೇನು? ಡಾಕ್ಟ್ರು ನಗ್ತಾರ. ಕಂಪ್ಲಿಯಾಗೊಬ್ಬ ಹುಚ್ಚಿ ಅದಾಳ ಅಂತಾರ.”

“ಅನ್ನಲಿ ಬಿಡಬೇ, ದಾರಿ ಬಿಡು.”

ಹುಲಿಗೆಮ್ಮ ಕೂಸಿನ ಕಾಲಿನ ಮೇಲಿಂದ ಕೈ ತೆಗೆದಳು. ಎದ್ದು ತಲೆಗೆ ಬಟ್ಟೆ ಕಟ್ಟಿಕೊಂಡಳು. ಕೂಸಿನ ಕಾಲು ಆಗ ಆಡಲು ಶುರುವಾಗಿತ್ತು.

ಆಟೋದಲ್ಲಿ ಕಮಲಾಪುರ ದಾಟುವಾಗ ಹಂಪಿಗೆ ಹೋಗುವ ಟೂರಿಸ್ಟ್ ಬಸ್ಸುಗಳ ಹಿಂದೆ ಸಿಕ್ಕಿಕೊಂಡೆವು. ಬಸ್ಸಿನ ಕಿಟಕಿಯಿಂದ ಮಕ್ಕಳು ನಮಗೆ ಕೈ ಬೀಸಿದವು. ಹೊಸಪೇಟೆಯ ಆಸ್ಪತ್ರೆಯಲ್ಲಿ ಚೀಟಿ ಬರೆಯುತ್ತಿದ್ದ ನರ್ಸಮ್ಮ, “ಬೆಲ್ಲದ ವಾಸನೀನಾ? ನಮ್ಮ ಮನ್ಯಾಗಿನ ಕೂಸು ಹುಳಿ ಹಾಲು ನಾರತೈತಿ, ನಿಮ್ದು ಚಲೋ ಐತಲ್ರಿ” ಎಂದು ನಕ್ಕಳು. ಅವ್ವ ಹೇಳಿದಂತೆಯೇ ಆಯಿತು. ನನಗೆ ನಾಚಿಕೆಯಾಗಲಿಲ್ಲ. ಒಳಗೆ ಕೂತಿದ್ದ ಡಾಕ್ಟರಮ್ಮನಿಗೂ ಅದನ್ನೇ ಹೇಳಿದೆ. ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ತಲೆ ತಗ್ಗಿಸಿ ಬರೆಯುತ್ತಿದ್ದವಳ ಪೆನ್ನು ನಿಂತಿತು.

“ಏನು ವಾಸನಿ ಅಂದ್ರಿ?”

“ಹದ ಮೀರಿದ ಪಾಕದ ವಾಸನಿರಿ. ನಾನು ಗಾಣದಾಗ ಇಪ್ಪತ್ತು ವರ್ಷ ಇದ್ದಾಕಿ. ಇದ್ರಾಗ ನಾನು ತಪ್ಪೂದಿಲ್ಲ.”

ಅವಳು ಎದ್ದು ಬಂದು ಮುಖದ ಮಾಸ್ಕ್ ತೆಗೆದು ಕೂಸಿನ ಕಿವಿ ಮೂಸಿದಳು. ಮತ್ತೊಮ್ಮೆ ಮೂಸಿದಳು. “ಹಿಂದೆ ಯಾವುದಾದ್ರೂ ಕೂಸು ಹೋಗೇತೇನು?” ಎಂದು ಕೇಳಿದಳು. ಹುಲಿಗೆಮ್ಮ ತಲೆಯಾಡಿಸಿದಳು. “ನಿಮ್ದು ಒಳಸಂಬಂಧ ಏನು?” ಎಂದಳು. ನಾನು ಹೌದೆಂದೆ. “ಇನ್ನ ಒಂದು ಹನಿ ಹಾಲು ಕೊಡಬ್ಯಾಡ್ರಿ” ಎಂದು ಹೇಳಿ ಫೋನಿಗೆ ಓಡಿದಳು.

ಹಾಲು ಕೊಡಬೇಡಿ ಎಂದರೆ ಬಾಣಂತಿಯ ಮನಸ್ಸಿಗೆ ಏನಾಗುತ್ತದೆ ಎಂದು ಹೆತ್ತವರಿಗೆ ಗೊತ್ತು. ಕೂಸಿಗೆ ಸಕ್ಕರೆನೀರಿನ ಡ್ರಿಪ್ ಹಾಕಿದರು. ಬೆಂಗಳೂರಿಗೆ ಕಳಿಸಲು ಆಂಬುಲೆನ್ಸ್ ಬರುವವರೆಗೆ ಡಾಕ್ಟರಮ್ಮ ನಮ್ಮ ಪಕ್ಕದ ಬೆಂಚಿನಲ್ಲೇ ಕೂತಳು.

“ನಾವು ಉಂಡಿದ್ದು ಹಂಗೇ ಮೈಯಾಗ ಸೇರೂದಿಲ್ಲಮ್ಮ” ಎಂದಳು. “ಹಾಲು, ಬ್ಯಾಳಿ, ಮಾಂಸ, ಎಲ್ಲಾನೂ ಮೈ ಮೊದಲು ಒಡೀತೈತಿ, ಸಣ್ಣಸಣ್ಣ ಚೂರು ಮಾಡ್ತೈತಿ. ಆ ಚೂರು ಜೋಡಿಸಿ ಕೂದಲು, ಉಗುರು, ಚರ್ಮ, ರಕ್ತ ಕಟ್ತೈತಿ. ಕಟ್ಟಿ ಉಳಿದಿದ್ದನ್ನ ಇನ್ನೂ ಒಡದು ಉರುವಲು ಮಾಡ್ಕೊಂತೈತಿ. ಒಂದೊಂದು ಕೆಲಸಕ್ಕ ಒಂದೊಂದು ಆಳು. ನಿಮ್ಮ ಗಾಣ ಇದ್ದಂಗ. ಕಬ್ಬು ಹಿಂಡೋರು ಅದಾರ, ಒಲಿ ಉರಿಸೋರು ಅದಾರ, ಕೊಪ್ಪರಿಗಿ ಇಳಸೋ ಆಳೇ ಬರ್ಲಿಲ್ಲ ಅಂದ್ರ?”

“ಸುಟ್ಟುಹೋಗ್ತೈತ್ರಿ.”

“ಈ ಕೂಸಿನ ಮೈಯಾಗ ಆ ಒಬ್ಬ ಆಳು ಇಲ್ಲ. ಮೂರು ನಮೂನಿ ಚೂರು ಒಡೀದಂಗ ರಕ್ತದಾಗ ತುಂಬಾಕ ಹತ್ಯಾವ. ಮಿದುಳಿಗೆ ಹೋಗಿ ಕುಂದ್ರತಾವ. ತಾಯಿಹಾಲಿನಾಗೂ ಅವು ಇರ್ತಾವ.”

ತಾಯಿಹಾಲು. ಅಷ್ಟು ಹೇಳಿದ ಮೇಲೆ ಹುಲಿಗೆಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿದಳು. ಮೊದಲ ಕೂಸು ಮೊಲೆ ಬಿಟ್ಟಾಗ, “ಕುಡಿಸು, ಇನ್ನೂ ಕುಡಿಸು” ಎಂದು ಅದರ ಬಾಯಿ ಬಿಡಿಸಿ ಹಿಡಿದವಳು ನಾನು.

ಬೆಂಗಳೂರಿನಲ್ಲಿ ಕೂಸಿನ ರಕ್ತವನ್ನು ಹೊರಗೆಳೆದು ಮಿಷನ್ನಿನಲ್ಲಿ ತೊಳೆದು ಒಳಗೆ ಬಿಟ್ಟರು. ಅಷ್ಟು ಸಣ್ಣ ಮೈಯಲ್ಲಿ ಅಷ್ಟೊಂದು ಕೊಳವೆ. ಹುಲಿಗೆಮ್ಮನ ಎದೆ ಕಲ್ಲಾಗುತ್ತಿತ್ತು. ಮೂರು ತಾಸಿಗೊಮ್ಮೆ ಬಚ್ಚಲಿಗೆ ಹೋಗಿ ಹಾಲು ಹಿಂಡಿ ಚೆಲ್ಲಿ ಬರುತ್ತಿದ್ದಳು. ನಾನು ನೀರು ಹಾಕುತ್ತಿದ್ದೆ. ಬಿಳಿಯ ನೀರು ಜಾಲರಿಯಲ್ಲಿ ಇಳಿದುಹೋಗುವುದನ್ನು ಇಬ್ಬರೂ ನೋಡುತ್ತಿದ್ದೆವು. ಪಂಪಣ್ಣ ಸುತ್ತುಬಳಸಿ ಮುನಿರಾಬಾದಿನ ಕಡೆಯಿಂದ ಹೊಸಪೇಟೆಗೆ ಬಂದು, ಅಲ್ಲಿಂದ ಬಸ್ಸು ಹಿಡಿದು, ತೊಯ್ದು ಒಣಗಿದ ಬಟ್ಟೆಯಲ್ಲೇ ಬಂದು ತಲುಪಿದ್ದ. ಗಾಜಿನಾಚೆ ಕೂಸನ್ನು ನೋಡಿದವನು ನನ್ನ ಕಡೆ ತಿರುಗಿ, “ಅಕ್ಕಾ, ಇದೂ ಹೋಗ್ತೈತೇನು?” ಎಂದ. ಚಿಕ್ಕವನಿದ್ದಾಗ ಹೊಳೆಗೆ ಬಿದ್ದ ಚಪ್ಪಲಿ ಬಗ್ಗೆ ಹೀಗೇ ಕೇಳಿದ್ದ.

ಅಲ್ಲಿಯ ಡಾಕ್ಟರು ನಮ್ಮೆಲ್ಲರನ್ನೂ ಕೂರಿಸಿ ಹೇಳಿದರು. ಆ ಕೆಲಸದಾಳನ್ನು ಹೇಗೆ ಮಾಡಬೇಕೆಂಬ ಬರಹ ಪ್ರತಿಯೊಬ್ಬರಲ್ಲೂ ಎರಡು ಪ್ರತಿ ಇರುತ್ತದಂತೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದು ಕೆಟ್ಟರೂ ಇನ್ನೊಂದು ಸಾಕು. ಎರಡೂ ಕೆಟ್ಟರೆ ಮಾತ್ರ ಹೀಗೆ. ದೂರದವರಲ್ಲೂ ಇದು ಆಗಬಹುದು, ಆದರೆ ಒಂದೇ ಮನೆಯವರಾದರೆ ಒಂದೇ ಕೆಟ್ಟ ಪ್ರತಿ ಇಬ್ಬರಲ್ಲೂ ಇರುವ ಸಂಭವ ಹೆಚ್ಚು. “ಯಾರ ತಪ್ಪೂ ಅಲ್ಲ” ಎಂದೂ ಹೇಳಿದರು. ಒಳ್ಳೆಯವರು. ಆದರೆ ಮದುವೆ ಮಾಡಿಸಿದವಳು ನಾನೆಂದು ಅವರಿಗೆ ಗೊತ್ತಿರಲಿಲ್ಲ.

ರೋಗಕ್ಕೆ ಇಂಗ್ಲಿಷಿನಲ್ಲಿ ಒಂದು ಉದ್ದನೆಯ ಹೆಸರಿದೆ. ಯಾವುದೋ ದೇಶದಲ್ಲಿ ಮರದ ರಸ ಕಾಯಿಸಿ ಪಾಕ ಮಾಡುತ್ತಾರಂತೆ, ಮೇಪಲ್ ಸಿರಪ್ ಅಂತ. ಅದರ ಹೆಸರನ್ನೇ ರೋಗಕ್ಕೆ ಇಟ್ಟಿದ್ದಾರೆ. ಅಲ್ಲೂ ನನ್ನಂಥ ಒಲೆಯ ಮುಂದಿನ ಮುದುಕಿ ಯಾವಳೋ ಕೂಸಿನ ಬಟ್ಟೆ ಮೂಸಿ ನಿಂತಿರಬೇಕು.

ಒಂಬತ್ತನೇ ದಿನ ಬಂತು. ಆ ದಿನ ನಮ್ಮಲ್ಲಿ ಯಾರೂ ಉಣ್ಣಲಿಲ್ಲ. ಅದು ಹೋಯಿತು, ಏನೂ ಆಗಲಿಲ್ಲ, ಕೂಸು ಕಣ್ಣನ್ನೂ ಬಿಡಲಿಲ್ಲ. ಹನ್ನೆರಡನೇ ದಿನ ಮಧ್ಯಾಹ್ನ ಒಳಗಿಂದ ಒಂದು ಅಳು ಕೇಳಿಸಿತು. ಬೆಕ್ಕಿನ ಕೂಗಲ್ಲ. ಹಸಿದ ಕೂಸಿನ, ಸಿಟ್ಟು ಬಂದ ಕೂಸಿನ ಅಳು. ಹುಲಿಗೆಮ್ಮನ ಕುಪ್ಪಸ ಎರಡೂ ಕಡೆ ತೊಯ್ದುಹೋಯಿತು. ಆ ಮೂರು ಚೂರುಗಳಿಲ್ಲದ ಪುಡಿಹಾಲನ್ನು ಕೊಟ್ಟರು. ಆಮೇಲೆ ಡಾಕ್ಟರು, ತಾಯಿಹಾಲನ್ನೂ ಅಳತೆ ಮಾಡಿ ಇಷ್ಟಿಷ್ಟೇ ಕೊಡಿ ಎಂದರು. ನಮಗೆ ತಲೆ ಕೆಟ್ಟಿತು. ಪೂರ್ತಿ ಬಿಟ್ಟರೂ ತಪ್ಪಂತೆ. ಆ ಚೂರುಗಳಿಲ್ಲದೆ ಮೈ ಕಟ್ಟಲಾಗದು, ಮೈ ಅವನ್ನು ತಾನೇ ಮಾಡಿಕೊಳ್ಳಲೂ ಆಗದು. ಹೆಚ್ಚಾದರೆ ವಿಷ, ಇಲ್ಲದಿದ್ದರೆ ಬೆಳವಣಿಗೆ ಇಲ್ಲ. ನನಗೆ ಕೊಪ್ಪರಿಗೆ ನೆನಪಾಯಿತು. ಇನ್ನು ಮೇಲೆ ದಿನವೂ ಹದ ನೋಡಬೇಕು ಎಂದುಕೊಂಡೆ.

ಊರಿಗೆ ಬಂದ ದಿನ ನಮ್ಮವ್ವ ಬಾಗಿಲಲ್ಲೇ ಕೇಳಿದಳು. ಎಲ್ಲ ಹೇಳಿದೆ, ಎರಡು ಪ್ರತಿಯ ಮಾತನ್ನೂ ಹೇಳಿದೆ. ಹೊಸಿಲ ಮೇಲೆ ಕೂತಳು. “ಹಂಗಾರ ನನ್ನಿಂದನೋ, ನಿಮ್ಮಪ್ಪನಿಂದನೋ ನಿನಗೂ ಪಂಪಣ್ಣಗೂ ಬಂದಿರಬೇಕು” ಎಂದಳು. “ನಾ ಒಂದು ಕೂಸು ತಿಂದೆ.” ಅದೇ ಮಾತನ್ನು ನನಗೆ ನಾನೇ ಹೇಳಿಕೊಳ್ಳುತ್ತಾ ಬಂದಿದ್ದೆ.

ಮಳೆಗಾಲದ ಕೊನೆಗೆ ಕೂಸಿಗೆ ಜ್ವರ ಬಂತು. ಇಷ್ಟೆಲ್ಲ ಕಂಡವಳು ನಾನು ಆಗ ಏನು ಮಾಡಿದೆ ಗೊತ್ತೇ? ಹಾಲಿನ ಸೀಸೆಯನ್ನು ಪಕ್ಕಕ್ಕಿಟ್ಟೆ. ಜ್ವರ ಬಂದರೆ ಹೊಟ್ಟೆ ಖಾಲಿ ಬಿಡಬೇಕು ಎಂಬುದು ನಮ್ಮ ಮನೆಯ ರೂಢಿ. ಕೈ ತಾನಾಗಿಯೇ ಇಟ್ಟಿತು. ಒಂದು ತಾಸಿನ ಮೇಲೆ ಕಿವಿ ಮೂಸಿದರೆ ಸಣ್ಣಗೆ ಪಾಕದ ವಾಸನೆ ಏಳುತ್ತಿತ್ತು. ಹೊಸಪೇಟೆಯ ಡಾಕ್ಟರಮ್ಮ ಬೆಂಚಿನ ಮೇಲೆ ಹೇಳಿದ ಇನ್ನೊಂದು ಮಾತು ಆಗ ನೆನಪಾಯಿತು. ಹೊಟ್ಟೆ ಬರಿದಾದರೆ, ಜ್ವರ ಬಂದರೆ, ಮೈ ತಾನು ಕಟ್ಟಿದ್ದನ್ನೇ ಒಡೆಯಲು ಶುರುಮಾಡುತ್ತದೆ. ತನ್ನ ಮಾಂಸವನ್ನೇ ಉರುವಲು ಮಾಡುತ್ತದೆ. ಆ ಚೂರುಗಳೂ ರಕ್ತಕ್ಕೇ ಬರುತ್ತವೆ. ತಡೆಯಬೇಕೆಂದರೆ ಬೇರೆ ಉರುವಲು ಕೊಡಬೇಕು, ಸಕ್ಕರೆ.

“ಅವ್ವಾ, ಸಕ್ರಿನೀರು ಕದಡಬೇ!” ಎಂದು ಕೂಗಿದೆ.

ನಮ್ಮವ್ವ ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಲೋಟ ತಂದು ನನ್ನ ಕೈಯಿಂದ ಕೂಸನ್ನು ಕಸಿದುಕೊಂಡಳು. ಕಂಪ್ಲಿಯಿಂದ ಹೊಸಪೇಟೆ ಆಸ್ಪತ್ರೆಯ ಬಾಗಿಲವರೆಗೆ ಆಟೋದಲ್ಲಿ ಚಮಚ ಚಮಚವಾಗಿ ಕುಡಿಸುತ್ತಾ ಬಂದಳು. ಕೂಸು ಉಗುಳಿದರೆ, “ಕುಡಿಯಲೇ ನನ್ನವ್ವಾ, ಇದು ಹಾಲಲ್ಲ, ಕುಡಿ” ಎಂದು ಬಾಯೊರೆಸಿ ಮತ್ತೆ ಕೊಡುತ್ತಿದ್ದಳು. ದಾರಿಯುದ್ದಕ್ಕೂ ಒಂದು ಚಮಚವೂ ಚೆಲ್ಲಲಿಲ್ಲ. ಕೂಸು ನಾಲ್ಕು ದಿನಕ್ಕೆ ಮನೆಗೆ ಬಂತು. ನಮ್ಮವ್ವ ಮರುವರ್ಷ ತೀರಿಕೊಂಡಳು.

ದೀಪಾವಳಿ ಕಳೆದು ಗಾಣ ಶುರುವಾಗುವ ಹೊತ್ತಿಗೆ ಖಾಸೀಮಣ್ಣ ಮನೆಗೆ ಬಂದರು. “ಬಾರಮ್ಮ, ಒಲಿ ಹಚ್ಚೂದೈತಿ.”

“ಬರಾಂಗಿಲ್ಲಣ್ಣ. ಗಾಣಕ್ಕ ಬಂದ್ರ ನನ್ನ ಮೈ, ನನ್ನ ಮೂಗು ಎಲ್ಲಾ ಬೆಲ್ಲ ಆಗ್ತೈತಿ. ಕೂಸಿನ ವಾಸನಿ ನನಗ ಗೊತ್ತಾಗಾಂಗಿಲ್ಲ.”

ಅವರು ಚಹಾದ ಲೋಟ ಕೆಳಗಿಟ್ಟರು. “ಹದ ನೋಡಾಕ ನಾ ಕಲಿಸಿದ್ದು ಬೆಲ್ಲಕ್ಕ” ಎಂದರು. ಎದ್ದು ಹೋದರು. ಅಂದಿನಿಂದ ನಾನು ಗದ್ದೆ ಕೆಲಸಕ್ಕೆ ಹೋಗುತ್ತೇನೆ. ಇಪ್ಪತ್ತು ವರ್ಷದ ಬೆಲ್ಲದ ವಾಸನೆ ನನ್ನ ಕೂದಲಿನಿಂದ ಹೋಗಲು ಒಂದು ವರ್ಷ ಹಿಡಿಯಿತು.

ಸಿಂಚನ ಈಗ ಶಾಲೆಗೆ ಹೋಗುತ್ತಾಳೆ. ಲೆಕ್ಕದಲ್ಲಿ ಹಿಂದೆ. ಮೂರು ತುಂಬುವವರೆಗೆ ನಡೆದಿರಲಿಲ್ಲ. ಅನ್ನವನ್ನು ಗ್ರಾಂ ಲೆಕ್ಕದಲ್ಲಿ ತೂಗಿ ಹಾಕುತ್ತೇವೆ. ಬೇಳೆ ಇಲ್ಲ, ಮೊಸರಿಲ್ಲ, ಮೊಟ್ಟೆ ಇಲ್ಲ. ಸಾಬುದಾಣಿ, ಹಣ್ಣು, ತುಪ್ಪ, ಮತ್ತೆ ಆ ಪುಡಿಹಾಲು. ಅದರ ನಾತಕ್ಕೆ ಮೂಗು ಹಿಡಿದುಕೊಂಡೇ ಕುಡಿಯುತ್ತಾಳೆ. ಒಂದು ಜ್ವರ, ಒಂದು ವಾಂತಿಭೇದಿ ಸಾಕು, ಮತ್ತೆ ಹೊಸಪೇಟೆಗೆ ಓಡಬೇಕು. ಇದು ವಾಸಿಯಾಗುವ ರೋಗವಲ್ಲ ಎಂದು ನನಗೆ ಗೊತ್ತಿದೆ. ದಿನಾ ಬೆಳಿಗ್ಗೆ ಹಾಸಿಗೆಯಲ್ಲೇ ಅವಳು ಕೂದಲು ಸರಿಸಿ ಕಿವಿ ಒಡ್ಡುತ್ತಾಳೆ. “ಮೂಸು ಅಜ್ಜಿ.” ನಾನು ಮೂಸುತ್ತೇನೆ. “ಚಲೋ ಐತಿ, ಏಳು” ಎಂದ ಮೇಲೆಯೇ ನಮ್ಮ ಮನೆಯಲ್ಲಿ ಬೆಳಗಾಗುವುದು.

ಮೊನ್ನೆ ಗಾಣದಲ್ಲಿ ಖಾಸೀಮಣ್ಣ ಕಬ್ಬಿನ ಗರಿಯ ಮೇಲೆ ಬಿಸಿ ಬೆಲ್ಲ ಹಾಕಿ ಅವಳ ಮುಂದೆ ಹಿಡಿದರು. ಅವಳು ಕೈ ಹಿಂದೆ ಕಟ್ಟಿಕೊಂಡು ನನ್ನನ್ನು ನೋಡಿದಳು. ಯಾರು ಏನು ಕೊಟ್ಟರೂ ಹಾಗೇ. “ತಿನ್ನಬಹುದೇನು ಅಜ್ಜಿ?”

“ತಿನ್ನವ್ವಾ. ಇದು ಎಷ್ಟು ಬೇಕಾದ್ರೂ ತಿನ್ನು.”

ತಿಂದಳು, ಕೆನ್ನೆಗೆಲ್ಲ ಮೆತ್ತಿಕೊಂಡಳು, ಮತ್ತೆ ಮತ್ತೆ ಹೋಗಿ ಜಿಗಿದಳು. ಏಳನೇ ಸಲ ಜಿಗಿದು ಬಂದು ನನ್ನ ಮಡಿಲಿಗೆ ಬಿದ್ದಾಗ ಮೈ ಬಿಸಿಯಾಗಿತ್ತು. ಅಭ್ಯಾಸದಂತೆ ಕಿವಿಗೆ ಮೂಗು ಹಚ್ಚಿದೆ. ಪಾಕದ ವಾಸನೆ. ಅದು ಅವಳದೋ, ಕೊಪ್ಪರಿಗೆಯದೋ? ಅವಳ ತಲೆ ಮೂಸಿದೆ, ನನ್ನ ಕೈ ಮೂಸಿಕೊಂಡೆ, ಎಲ್ಲ ಒಂದೇ. ಇಪ್ಪತ್ತು ವರ್ಷ ದುಡಿದ ಜಾಗದಲ್ಲಿ ನಾನು ಕುರುಡಿಯ ಹಾಗೆ ನಿಂತೆ. ಅವಳನ್ನು ಎತ್ತಿಕೊಂಡು ಓಡಿದೆ. “ಯಾಕಮ್ಮ, ಏನಾತು?” ಎಂದು ಖಾಸೀಮಣ್ಣ ಹಿಂದಿನಿಂದ ಕೂಗುತ್ತಿದ್ದರು.

ಗಾಳಿ ಬರುವ ಕಡೆ ಕಾಲುವೆಯ ದಂಡೆಯ ಮೇಲೆ ಕೂರಿಸಿ ಅವಳ ಮುಖ, ಕೈ, ಕುತ್ತಿಗೆ, ಕಿವಿ ತೊಳೆದೆ. ನನ್ನ ಮೂಗನ್ನೂ ತೊಳೆದುಕೊಂಡೆ. ಎರಡು ಲಾರಿ ಕಬ್ಬು ಹಾದುಹೋಗುವಷ್ಟು ಹೊತ್ತು, ಮೂಗು ತಿಳಿಯಾಗಲೆಂದು ಕಾದೆ. ಅವಳು ತಾನಾಗಿಯೇ ಒದ್ದೆ ಕೂದಲು ಸರಿಸಿ ಕಿವಿ ಒಡ್ಡಿದಳು.

“ಮೂಸು ಅಜ್ಜಿ.”

ಕಣ್ಣು ಮುಚ್ಚಿ ಮೂಸಿದೆ. ಕಾಲುವೆಯ ಕೆಸರು, ಬೆವರು, ಹುಡುಗಿಯ ತಲೆಯ ಎಣ್ಣೆ. ಅಷ್ಟೇ. ಇನ್ನೊಂದು ಕಿವಿಯಲ್ಲೂ ಅಷ್ಟೇ.